ಹೋಂಸ್ಟೇ ಬುಕಿಂಗ್ ಕ್ಯಾಲೆಂಡರ್ ಫೋನಿನಲ್ಲಿ ತಾನಾಗಿ ಅಪ್‌ಡೇಟ್ ಆಗುವಂತೆ ಮಾಡುವುದು ಹೇಗೆ?

ಕಣದಮನೆ, ಮೂಡಿಗೆರೆ
3 ಡಿಸೆಂಬರ್ 2024, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಪೂರ್ತಿ ಹೇಳಿದರೆ ತಾನೇ ನಿಮಗೆ ಗೊತ್ತಾಗುವುದು.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯಿಂದ ಒಳಗೆ ನಮ್ಮ ತೋಟ. ಹಳೆ ಮನೆಯ ಎರಡು ರೂಮನ್ನು ಹೋಂಸ್ಟೇ ಮಾಡಿದ್ದೇವೆ. ನಾನು ಮತ್ತು ನಮ್ಮ ಯಜಮಾನರು ಇಬ್ಬರೇ ನೋಡಿಕೊಳ್ಳುವುದು. ಸಹಾಯಕ್ಕೆ ಒಬ್ಬಾಕೆ ಬರುತ್ತಾಳೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ರೂಮುಗಳನ್ನು ಎರಡು ಬುಕಿಂಗ್ ಸೈಟಿಗೆ ಹಾಕಿಕೊಟ್ಟವನು ಅವನೇ.

ಹೋದ ತಿಂಗಳು ಅವನು ಊರಿಗೆ ಬಂದಾಗ ಒಂದು ಸೈಟಿನಿಂದ ಕ್ಯಾಲೆಂಡರ್ ಫೈಲ್ ಇಳಿಸಿ ನನ್ನ ಫೋನಿಗೆ ಹಾಕಿಕೊಟ್ಟ. ಹೆಸರಿನ ಕೊನೆಯಲ್ಲಿ ಐಸಿಎಸ್ ಅಂತ ಇರುವ ಫೈಲ್. ತೆರೆದ ಕೂಡಲೇ ಎಲ್ಲ ಬುಕಿಂಗೂ ಫೋನಿನ ಕ್ಯಾಲೆಂಡರಿಗೆ ಬಂದು ಕೂತಿತು. ತಾರೀಖು ನೋಡಿದರೆ ಸಾಕು, ಯಾವತ್ತು ಯಾವ ರೂಮು ಅಂತ ಗೊತ್ತಾಗುತ್ತಿತ್ತು. ನನಗೆ ಬಹಳ ಖುಷಿ ಆಗಿತ್ತು. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಬರೆಯುವುದನ್ನು ಅವತ್ತೇ ಬಿಟ್ಟೆ.

ಹೋದ ಶನಿವಾರ, ನವೆಂಬರ್ 30. ಮೋಡ ಕಟ್ಟಿತ್ತು. ಕಣದಲ್ಲಿ ಹರಡಿದ್ದ ಕಾಫಿ ಒಟ್ಟು ಮಾಡಿ ಟಾರ್ಪಾಲ್ ಹೊದಿಸುತ್ತಿದ್ದೆವು. ಎಂಟೂ ಕಾಲಿಗೆ ಗೇಟಿನ ಹತ್ತಿರ ಕಾರಿನ ಲೈಟು ಕಂಡಿತು. ಬೆಂಗಳೂರಿನಿಂದ ಬಂದವರು, ನಾಲ್ಕು ಜನ, ಜೊತೆಗೆ ಒಂದು ಸಣ್ಣ ಮಗು. ಮೂರು ದಿನ ಮೊದಲೇ ಬುಕ್ ಮಾಡಿದ್ದಾರೆ. ನನ್ನ ಫೋನಿನಲ್ಲಿ 30ನೇ ತಾರೀಖಿನ ಚೌಕ ಖಾಲಿ. ರೂಮಿಗೆ ಹಾಸಿಗೆ ಹಾಸಿಲ್ಲ, ಹಂಡೆಗೆ ಬೆಂಕಿ ಹಾಕಿಲ್ಲ, ಅಡುಗೆ ಮನೆಯಲ್ಲಿ ನಮ್ಮಿಬ್ಬರಿಗೆ ಆಗುವಷ್ಟು ಅನ್ನ ಇದೆ. ಆ ತಾಯಿ ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ನಿಂತೇ ಇದ್ದರು. ಒಂದು ಮಾತೂ ಆಡಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಅಕ್ಕಿ ರೊಟ್ಟಿ ತಟ್ಟಿ, ಕಾಯಿ ಚಟ್ನಿ ಅರೆದು, ಮಗುವಿಗೆ ಹಾಲು ಕಾಯಿಸಿ ಕೊಟ್ಟೆ. ಊಟಕ್ಕೆ ಕೂರುವಾಗ ಹತ್ತು ಗಂಟೆ ಆಗಿತ್ತು.

ಸೈಟಿನ ಆ್ಯಪ್ ಮಗನ ಫೋನಿನಲ್ಲಿ ಇದೆ. ಅವನು ಆ ಮೂರು ದಿನ ಕೆಲಸದ ಒತ್ತಡದಲ್ಲಿ ನೋಡಿರಲಿಲ್ಲ. ಅಮ್ಮನ ಫೋನಿಗೆ ಹೇಗೂ ಬಂದಿರುತ್ತದೆ ಅಂದುಕೊಂಡಿದ್ದ.

ನನ್ನದು ಆಂಡ್ರಾಯ್ಡ್ ಫೋನ್, ಅದರಲ್ಲಿರುವುದು ಗೂಗಲ್ ಕ್ಯಾಲೆಂಡರ್. ಕೇಳಬೇಕಾದ್ದು ಇಷ್ಟೇ. ಹೊಸ ಬುಕಿಂಗ್ ಬಂದರೆ ನನ್ನ ಫೋನಿನ ಕ್ಯಾಲೆಂಡರಿನಲ್ಲಿ ತಾನಾಗಿ ಬರಬೇಕು. ಯಾರಾದರೂ ಕ್ಯಾನ್ಸಲ್ ಮಾಡಿದರೆ ಹೋಗಬೇಕು. ಪ್ರತಿ ಸಲ ಮಗನಿಗೆ ಫೋನ್ ಮಾಡುವ ಹಾಗೆ ಇರಬಾರದು. ಸೈಟಿನಲ್ಲಿ ಒಂದು ಲಿಂಕೂ ಸಿಗುತ್ತದೆ. ಅದನ್ನು ಮುಟ್ಟಿದರೆ ಮತ್ತೆ ಫೈಲೇ ಇಳಿಯುತ್ತದೆ. ಲಿಂಕ್ ಇದು: (ತೆಗೆದಿದ್ದೇನೆ)

ರಾತ್ರಿಪಾಳಿ, ಬೆಂಗಳೂರು
3 ಡಿಸೆಂಬರ್, ರಾತ್ರಿ 9:22

ಅಕ್ಕ, ಮೊದಲು ಆ ಲಿಂಕ್ ಅಳಿಸಿ. ಉಳಿದದ್ದು ಆಮೇಲೆ. ಆ ಲಿಂಕಿಗೆ ಪಾಸ್‌ವರ್ಡ್ ಇರುವುದಿಲ್ಲ. ಅದರಲ್ಲಿರುವ ಉದ್ದನೆಯ ಅಕ್ಷರದ ಸರಮಾಲೆಯೇ ಬೀಗದ ಕೈ. ಯಾರ ಹತ್ತಿರ ಲಿಂಕ್ ಇದೆಯೋ ಅವರಿಗೆಲ್ಲ ನಿಮ್ಮ ಮನೆಯಲ್ಲಿ ಯಾವತ್ತು ಜನ ಇರುತ್ತಾರೆ, ಯಾವತ್ತು ಇರುವುದಿಲ್ಲ ಅಂತ ಕಾಣುತ್ತದೆ. ಸೈಟಿನ ಸೆಟ್ಟಿಂಗ್‌ನಲ್ಲಿ ಹೊಸ ಲಿಂಕ್ ಮಾಡಿಕೊಳ್ಳುವ ದಾರಿ ಇದ್ದರೆ ಹಾಗೇ ಮಾಡಿ.

ಕಣದಮನೆ
3 ಡಿಸೆಂಬರ್, ರಾತ್ರಿ 9:31

ಅಳಿಸಿದೆ ತಮ್ಮ. ಮಗನಿಗೂ ಹೇಳಿದೆ, ಹೊಸದು ಮಾಡಿ ಕಳಿಸುತ್ತಾನಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಸಂಬಂಧಿಕರ ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆ, ಅಲ್ಲಿಂದಲೂ ತೆಗೆದೆ.

ರಾತ್ರಿಪಾಳಿ
3 ಡಿಸೆಂಬರ್, ರಾತ್ರಿ 10:15

ಈಗ ಸಮಾಧಾನವಾಗಿ ಬರೆಯುತ್ತೇನೆ.

ನಿಮ್ಮ ಮಗ ಮಾಡಿದ್ದು ಇಂಪೋರ್ಟ್. ನಿಮಗೆ ಬೇಕಾಗಿರುವುದು ಸಬ್‌ಸ್ಕ್ರೈಬ್, ಅಂದರೆ ಚಂದಾ. ಅಂಗಡಿಯಲ್ಲಿ ಒಂದು ದಿನದ ಪೇಪರ್ ಕೊಂಡರೆ ಅವತ್ತಿನ ಸುದ್ದಿ ಮಾತ್ರ ಸಿಗುತ್ತದೆ. ನಾಳೆ ಏನೇ ಆದರೂ ಆ ಪೇಪರಿನಲ್ಲಿ ಹೊಸದಾಗಿ ಅಚ್ಚಾಗುವುದಿಲ್ಲ. ಚಂದಾ ಕಟ್ಟಿದರೆ ದಿನಾ ಮನೆಗೆ ಬರುತ್ತದೆ. ಫೈಲ್ ಇಳಿಸಿ ತೆರೆದಾಗ ಆ ಹೊತ್ತಿನ ನಕಲು ಮಾತ್ರ ನಿಮ್ಮ ಫೋನಿಗೆ ಬಂತು. ಆಮೇಲೆ ಬಂದ ಬುಕಿಂಗ್ ಅದಕ್ಕೆ ಗೊತ್ತಿಲ್ಲ. ನವೆಂಬರ್ 30ರದ್ದು ಅದಾದ ಮೇಲೆ ಬಂದದ್ದು.

ಫೈಲ್ ಮಾತ್ರ ಎರಡಕ್ಕೂ ಒಂದೇ. ಐಕ್ಯಾಲೆಂಡರ್ ಅನ್ನುವ ಈ ಮಾದರಿ 1998ರಲ್ಲಿ ಬಂತು, 2009ರಲ್ಲಿ ಪರಿಷ್ಕರಣೆ ಆಯಿತು. ಇಷ್ಟು ಹಳೆಯದಾದ್ದರಿಂದಲೇ ಬುಕಿಂಗ್ ಸೈಟು, ಕಾಲೇಜು ವೇಳಾಪಟ್ಟಿ, ಕ್ರಿಕೆಟ್ ಪಂದ್ಯಗಳ ಪಟ್ಟಿ ಎಲ್ಲ ಇದೇ ರೂಪದಲ್ಲಿ ಸಿಗುತ್ತವೆ. ಯಾವ ಫೋನಾದರೂ ಓದುತ್ತದೆ. ವ್ಯತ್ಯಾಸ ಇರುವುದು ನಾವು ಫೈಲನ್ನು ಕೊಡುತ್ತೇವೋ, ಫೈಲ್ ಇರುವ ವಿಳಾಸವನ್ನು ಕೊಡುತ್ತೇವೋ ಅನ್ನುವುದರಲ್ಲಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಫೋನಿನ ಗೂಗಲ್ ಕ್ಯಾಲೆಂಡರ್ ಆ್ಯಪ್‌ನಲ್ಲಿ ಲಿಂಕ್ ಹಾಕುವ ಜಾಗವೇ ಇಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲ, ಸುಮ್ನೆ ಹೊತ್ತು ಹೋಗುತ್ತದೆ. ಅದನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲೇ ಮಾಡಬೇಕು. ನಿಮ್ಮ ಫೋನಿನಲ್ಲಿರುವ ಜಿಮೇಲ್ ಖಾತೆಯಿಂದಲೇ ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆಯಿರಿ. ಎಡಗಡೆ ಕೆಳಗೆ ‘ಅದರ್ ಕ್ಯಾಲೆಂಡರ್ಸ್’ ಅಂತ ಇರುತ್ತದೆ. ಪಕ್ಕದ ಕೂಡಿಸುವ ಗುರುತು ಒತ್ತಿದರೆ ‘ಫ್ರಮ್ ಯುಆರ್‌ಎಲ್’ ಕಾಣುತ್ತದೆ. ಅಲ್ಲಿ ಲಿಂಕ್ ಪೇಸ್ಟ್ ಮಾಡಿ ‘ಆ್ಯಡ್ ಕ್ಯಾಲೆಂಡರ್’ ಒತ್ತಿ. ಲಿಂಕ್ ‘ವೆಬ್‌ಕಾಲ್’ ಅಂತ ಶುರುವಾಗಿದ್ದು ತೆಗೆದುಕೊಳ್ಳದೆ ಹೋದರೆ, ಆ ಪದ ತೆಗೆದು ‘ಎಚ್‌ಟಿಟಿಪಿಎಸ್’ ಹಾಕಿ. ವಿಳಾಸ ಅದೇ, ಮುಂದಿನ ಪದ ಮಾತ್ರ ಬೇರೆ.

ಮಗ ಬೆಂಗಳೂರಿನಿಂದಲೇ ಇದನ್ನು ಮಾಡಬಹುದು. ನಿಮ್ಮ ಖಾತೆಯಲ್ಲಿ ಒಂದು ಸಲ ಲಾಗಿನ್ ಆದರೆ ಸಾಕು.

ಆಮೇಲೆ ಫೋನಿನಲ್ಲಿ ಒಂದು ಕೆಲಸ ಇದೆ. ಕ್ಯಾಲೆಂಡರ್ ಆ್ಯಪ್ ತೆರೆದು, ಮೇಲಿನ ಮೂರು ಗೆರೆ ಮುಟ್ಟಿ, ಹೊಸ ಕ್ಯಾಲೆಂಡರಿನ ಹೆಸರಿನ ಮುಂದೆ ಟಿಕ್ ಇದೆಯಾ ನೋಡಿ. ಹೆಸರೇ ಕಾಣದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಆ ಕ್ಯಾಲೆಂಡರ್ ಹುಡುಕಿ ‘ಸಿಂಕ್’ ಆನ್ ಮಾಡಿ. ತುಂಬಾ ಜನ ಇಷ್ಟು ಮಾಡದೆ ‘ಬರಲೇ ಇಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಮೊದಲು ಇಂಪೋರ್ಟ್ ಮಾಡಿದ ಹಳೆ ಬುಕಿಂಗ್‌ಗಳನ್ನು ಅಳಿಸಿಬಿಡಿ. ಇಲ್ಲದಿದ್ದರೆ ಎಲ್ಲವೂ ಎರಡೆರಡು ಕಾಣುತ್ತವೆ. ಅವು ನಿಮ್ಮ ಸ್ವಂತ ಕ್ಯಾಲೆಂಡರಿನೊಳಗೆ ಬೆರೆತಿರುವುದರಿಂದ ಒಂದೊಂದಾಗಿ ಅಳಿಸಬೇಕು. ಅದೊಂದು ರಗಳೆ, ಒಪ್ಪುತ್ತೇನೆ.

ಸೊಪ್ಪಿನಬೆಟ್ಟ, ಶಿರಸಿ
4 ಡಿಸೆಂಬರ್, ಬೆಳಿಗ್ಗೆ 6:50

ಮೇಲಿನವರು ಹೇಳಿದ್ದು ಸರಿ ಇದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಈ ಅಕ್ಕನಿಗೆ ಮತ್ತೆ ಅದೇ ಶನಿವಾರ ಬರುತ್ತದೆ. ನಮ್ಮದೂ ಹೋಂಸ್ಟೇ, ಅಡಿಕೆ ತೋಟದ ಮನೆ, ಐದು ವರ್ಷ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಚಂದಾ ಅಂದ್ರಲ್ಲ, ಸರಿಯಾದ ಮಾತು. ಆದರೆ ನಮ್ಮಂಥ ಊರಿಗೆ ಪೇಪರ್ ಬರುವುದು ಯಾವಾಗ? ಮಧ್ಯಾಹ್ನದ ಬಸ್ಸಿಗೆ. ಇದೂ ಹಾಗೇ. ಲಿಂಕ್ ಹಾಕಿದ ಮೇಲೆ ಸೈಟಿಗೆ ಹೋಗಿ ಫೈಲ್ ತರುವುದು ನಿಮ್ಮ ಫೋನ್ ಅಲ್ಲ, ಗೂಗಲ್ಲಿನ ಸರ್ವರ್. ಅದು ತನಗೆ ಬೇಕಾದಾಗ ಹೋಗುತ್ತದೆ. ಬದಲಾವಣೆ ಕಾಣಲು 12 ಗಂಟೆವರೆಗೂ ಆಗಬಹುದು ಎಂದು ಅವರ ಸಹಾಯ ಪುಟದಲ್ಲೇ ಬರೆದಿದ್ದಾರೆ. ‘ಈಗಲೇ ತಾ’ ಅಂತ ಹೇಳುವ ಬಟನ್ ಇಲ್ಲ. ಫೋನಿನಲ್ಲಿ ರಿಫ್ರೆಶ್ ಒತ್ತಿದರೆ ಗೂಗಲ್ ಹತ್ತಿರ ಇದ್ದದ್ದು ಫೋನಿಗೆ ಬರುತ್ತದೆ ಅಷ್ಟೇ. ಗೂಗಲ್ ಸೈಟಿನಿಂದ ಹೊಸದಾಗಿ ತರುವುದಿಲ್ಲ.

ಮೂರು ದಿನ ಮೊದಲು ಬಂದ ಬುಕಿಂಗಿಗೆ 12 ಗಂಟೆ ತಡ ಆದರೆ ತೊಂದರೆ ಇಲ್ಲ. ಬೆಳಿಗ್ಗೆ ಬುಕ್ ಮಾಡಿ ಸಂಜೆ ಬರುವವರ ವಿಷಯದಲ್ಲೇ ತಾಪತ್ರಯ. ನಮಗೆ ಆದದ್ದು ಕೇಳಿ. ಎರಡು ಸೈಟಿನಲ್ಲಿ ಹಾಕಿದ್ದೆವು. ಇದರ ಲಿಂಕ್ ಅದಕ್ಕೆ, ಅದರ ಲಿಂಕ್ ಇದಕ್ಕೆ ಕೊಟ್ಟಿದ್ದೆವು. ಒಂದರಲ್ಲಿ ರೂಮು ಹೋದರೆ ಇನ್ನೊಂದು ತಾನಾಗಿ ಮುಚ್ಚುತ್ತದೆ ಅನ್ನುವ ಧೈರ್ಯ. ಒಂದು ಶುಕ್ರವಾರ ಮಧ್ಯಾಹ್ನ ಒಂದರಲ್ಲಿ ಬುಕ್ ಆಯಿತು. ಆ ಸುದ್ದಿ ಇನ್ನೊಂದಕ್ಕೆ ಮುಟ್ಟುವ ಮೊದಲೇ ಅಲ್ಲೂ ಬುಕ್ ಆಯಿತು. ಸಂಜೆ ಎರಡು ಕುಟುಂಬ, ಒಂದೇ ರೂಮು. ಒಬ್ಬರಿಗೆ ನಾವು ಮಲಗುವ ಕೋಣೆ ಬಿಟ್ಟುಕೊಟ್ಟು ನಾವು ಅಟ್ಟದ ಮೇಲೆ ಮಲಗಿದೆವು. ಅವತ್ತು ನನ್ನ ಅಮ್ಮನಿಗೆ 74 ವರ್ಷ. ಏಣಿ ಹತ್ತಿಸಿ ಕರೆದುಕೊಂಡು ಹೋಗಬೇಕಾಯಿತು.

ಮಾರನೇ ದಿನವೇ ಎರಡೂ ಸೈಟಿನಲ್ಲಿ ‘ಅಡ್ವಾನ್ಸ್ ನೋಟಿಸ್’ ಅನ್ನುವ ಸೆಟ್ಟಿಂಗ್ ಹುಡುಕಿ ಒಂದು ದಿನ ಅಂತ ಇಟ್ಟೆ. ಈಗ ಅವತ್ತೇ ಬುಕ್ ಮಾಡಿ ಅವತ್ತೇ ಬರಲು ಯಾರಿಗೂ ಆಗುವುದಿಲ್ಲ. ಕೊನೆ ಗಳಿಗೆಯ ಕೆಲವು ಬುಕಿಂಗ್ ಹೋಗುತ್ತವೆ, ಹೋಗಲಿ. ಕ್ಯಾಲೆಂಡರ್ ಎಷ್ಟು ತಡ ಮಾಡುತ್ತದೋ ಅದಕ್ಕಿಂತ ಜಾಸ್ತಿ ಮುಂಗಡ ನಮಗೆ ಸಿಗಬೇಕು. ಅಕ್ಕ, ನಿಮ್ಮ ಮಗನಿಗೆ ಹೇಳಿ ಮೊದಲು ಇದನ್ನು ಮಾಡಿಸಿ. ಲಿಂಕ್ ಹಾಕುವುದಕ್ಕಿಂತಲೂ ಮೊದಲು.

ಇನ್ನು 12 ಗಂಟೆ ಕಾಯಲು ಇಷ್ಟ ಇಲ್ಲದವರಿಗೆ ಆಂಡ್ರಾಯ್ಡ್‌ನಲ್ಲಿ ಬೇರೆ ದಾರಿ ಇದೆ. ಐಸಿಎಸ್‌ಎಕ್ಸ್5 ಅನ್ನುವ ಆ್ಯಪ್. ಓಪನ್ ಸೋರ್ಸ್, ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ಅಂಗಡಿಯಲ್ಲಿ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಸೈಟಿಗೆ ಹೋಗಿ ಫೈಲ್ ತರುವುದು ನಿಮ್ಮ ಫೋನೇ. ಲಿಂಕ್ ಪೇಸ್ಟ್ ಮಾಡಿ, ಹೆಸರು ಕೊಟ್ಟು, ಬಣ್ಣ ಆರಿಸಿ, ಎಷ್ಟು ಹೊತ್ತಿಗೊಮ್ಮೆ ತರಬೇಕು ಅಂತ ಹೇಳಬಹುದು. ನಾನು ಗಂಟೆಗೊಮ್ಮೆ ಇಟ್ಟಿದ್ದೇನೆ. ನೋಡುವುದು ಅದೇ ಹಳೆ ಗೂಗಲ್ ಕ್ಯಾಲೆಂಡರ್ ಆ್ಯಪ್‌ನಲ್ಲೇ, ಅಲ್ಲೇ ಕಾಣುತ್ತದೆ. ಲ್ಯಾಪ್‌ಟಾಪ್ ಬೇಡವೇ ಬೇಡ.

ಎರಡು ವಿಷಯ ನೆನಪಿಡಿ. ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಈ ಆ್ಯಪ್‌ಗೆ ತಡೆ ಇಲ್ಲದ ಹಾಗೆ ಮಾಡಬೇಕು, ಇಲ್ಲದಿದ್ದರೆ ರಾತ್ರಿ ಹೊತ್ತು ಫೋನ್ ಅದನ್ನು ಮಲಗಿಸುತ್ತದೆ. ಇನ್ನೊಂದು, ಇದು ಹಾಕಿದ ಫೋನಿನಲ್ಲಿ ಮಾತ್ರ ಕಾಣುತ್ತದೆ. ನಿಮ್ಮ ಯಜಮಾನರ ಫೋನಿಗೂ ಬೇಕು ಅಂದರೆ ಅಲ್ಲೂ ಹಾಕಬೇಕು.

ಕಡಲತಡಿ, ಮಂಗಳೂರು
4 ಡಿಸೆಂಬರ್, ಮಧ್ಯಾಹ್ನ 1:05

ಇದೇ ಪ್ರಶ್ನೆ ಹುಡುಕಿಕೊಂಡು ಐಫೋನಿನವರೂ ಬರುತ್ತಾರೆ, ಅವರಿಗಾಗಿ ಎರಡು ಮಾತು.

ಐಫೋನಿನಲ್ಲಿ ಫೋನಿನಿಂದಲೇ ಆಗುತ್ತದೆ. ಕ್ಯಾಲೆಂಡರ್ ಆ್ಯಪ್ ತೆರೆದು ಕೆಳಗೆ ‘ಕ್ಯಾಲೆಂಡರ್ಸ್’, ಆಮೇಲೆ ‘ಆ್ಯಡ್ ಕ್ಯಾಲೆಂಡರ್’, ಅದರಲ್ಲಿ ‘ಆ್ಯಡ್ ಸಬ್‌ಸ್ಕ್ರಿಪ್ಷನ್ ಕ್ಯಾಲೆಂಡರ್’. ಲಿಂಕ್ ಹಾಕಿ ‘ಸಬ್‌ಸ್ಕ್ರೈಬ್’ ಒತ್ತಿದರೆ ಮುಗಿಯಿತು. ವೆಬ್‌ಕಾಲ್ ಲಿಂಕ್ ಆಗಿದ್ದರೆ ಮುಟ್ಟಿದ ಕೂಡಲೇ ಫೋನೇ ಕೇಳುತ್ತದೆ.

ತಡ ಆಗುವ ಕಾಟ ಇಲ್ಲೂ ಇದೆ, ಕಾರಣ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಲೆಂಡರ್ ಖಾತೆಗಳ ಒಳಗೆ ‘ಫೆಚ್ ನ್ಯೂ ಡೇಟಾ’ ಅಂತ ಇದೆ. ಐಒಎಸ್ 18ರಲ್ಲಿ ಅದನ್ನು ‘ಆ್ಯಪ್ಸ್’ ಒಳಗೆ ಸೇರಿಸಿದ್ದಾರೆ. ಅಲ್ಲಿ ‘ಆಟೊಮ್ಯಾಟಿಕಲಿ’ ಅಂತ ಇದ್ದರೆ ಫೋನ್ ಚಾರ್ಜಿಗೆ ಹಾಕಿ ವೈಫೈ ಇದ್ದಾಗ ಮಾತ್ರ ತಾನಾಗಿ ತರುತ್ತದೆ. ಹಗಲೆಲ್ಲ ಜೇಬಿನಲ್ಲಿಟ್ಟು ಓಡಾಡುವವರಿಗೆ ರಾತ್ರಿವರೆಗೂ ಏನೂ ಬರುವುದಿಲ್ಲ. 15 ನಿಮಿಷ, 30 ನಿಮಿಷ, ಒಂದು ಗಂಟೆ, ಇದರಲ್ಲಿ ಒಂದನ್ನು ಆರಿಸಿ.

ಇನ್ನೊಂದು, ಇದು ನಮ್ಮ ಅಪ್ಪನಿಗೆ ಆದದ್ದು. ಯಾವುದೋ ವೆಬ್‌ಸೈಟಿನಲ್ಲಿ ಏನೋ ಕೇಳಿತು ಅಂತ ಓಕೆ ಒತ್ತಿದ್ದರು. ಮಾರನೇ ದಿನದಿಂದ ಕ್ಯಾಲೆಂಡರ್ ತುಂಬಾ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಅಂತ. ಬೆಳಿಗ್ಗೆ ನಾಲ್ಕಕ್ಕೆಲ್ಲ ಅಲಾರಂ. ಅಪ್ಪ ಹೆದರಿ ಬ್ಯಾಂಕಿಗೇ ಹೋಗಿ ಬಂದಿದ್ದರು. ವೈರಸ್ ಏನೂ ಇರಲಿಲ್ಲ, ಅದೂ ಇಂಥದ್ದೇ ಒಂದು ಚಂದಾ ಕ್ಯಾಲೆಂಡರ್. ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರಿನ ಪಕ್ಕದ ‘ಐ’ ಗುರುತು ಮುಟ್ಟಿ ಇಡೀ ಕ್ಯಾಲೆಂಡರನ್ನೇ ತೆಗೆದುಹಾಕಿದರೆ ಎಲ್ಲ ಹೋಗುತ್ತದೆ. ಅದರ ಒಳಗಿನ ಲಿಂಕ್ ಮಾತ್ರ ಮುಟ್ಟಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಫೋನ್ ಒಮ್ಮೆ ತೆರೆದು ನೋಡಿ.

ಕಣದಮನೆ
8 ಡಿಸೆಂಬರ್, ಸಂಜೆ 7:30

ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮಾಡಿದೆವು, ಬಂತು.

ಬುಧವಾರವೇ ಮಗ ಎರಡೂ ಸೈಟಿನಲ್ಲಿ ಒಂದು ದಿನದ ಮುಂಗಡ ಇಟ್ಟ. ಆಮೇಲೆ ಶಿರಸಿಯ ಅಣ್ಣ ಹೇಳಿದ ಆ್ಯಪ್ ಹಾಕಿಕೊಂಡೆ. ಎರಡು ಸೈಟಿಗೆ ಎರಡು ಲಿಂಕ್, ಒಂದು ಹಸಿರು, ಒಂದು ಕೆಂಪು. ಇದನ್ನು ನಾನೇ ಮಾಡಿದೆ, ಮಗ ಫೋನಿನಲ್ಲಿ ಹೇಳುತ್ತಾ ಹೋದ ಅಷ್ಟೇ. ಮನೆಯ ನೆಟ್ ಕರೆಂಟ್ ಹೋದರೆ ಹೋಗುತ್ತದೆ. ಫೋನಿನ ಸಿಗ್ನಲ್ ಕಣದ ಮೂಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಆದರೂ ಒಂದು ಸಲ ಬಂದದ್ದು ಫೋನಿನಲ್ಲೇ ಉಳಿಯುತ್ತದೆ ಅಂತ ಈಗ ಗೊತ್ತಾಯಿತು. ನಿನ್ನೆ ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ, ಆದರೂ ತಾರೀಖುಗಳೆಲ್ಲ ಕಾಣುತ್ತಿತ್ತು.

ಈಗ ಎರಡು ಅನುಮಾನ.

ಮೊದಲನೆಯದು. ಶುಕ್ರವಾರ 6ಕ್ಕೆ ಐದು ಜನ ಬಂದರು, ಇವತ್ತು ಭಾನುವಾರ 8ಕ್ಕೆ ಹೊರಟರು. ಹಸಿರು ಪಟ್ಟಿ 6 ಮತ್ತು 7ರ ಮೇಲೆ ಮಾತ್ರ ಇತ್ತು. 8 ಖಾಲಿ. ಸಹಾಯಕ್ಕೆ ಬರುವಾಕೆ ಗುರುವಾರವೇ ‘ಭಾನುವಾರ ಯಾರೂ ಇಲ್ವಲ್ಲ ಅಕ್ಕ’ ಅಂತ ರಜೆ ಕೇಳಿದ್ದಳು. ನಾನೂ ಫೋನ್ ನೋಡಿ ಹೂಂ ಅಂದಿದ್ದೆ. ಇವತ್ತು ಐದು ಜನರ ತಿಂಡಿ, ಎರಡು ರೂಮಿನ ಹೊದಿಕೆ ಒಗೆಯುವುದು, ಎಲ್ಲ ಒಬ್ಬಳೇ ಮಾಡಿದೆ. ಮುಂದಿನ ವಾರ 14ಕ್ಕೆ ಬರುವವರೂ 16ರವರೆಗೆ ಅಂತ ಮಗ ಹೇಳುತ್ತಾನೆ. ಫೋನಿನಲ್ಲಿ 14, 15 ಮಾತ್ರ ಇದೆ. ಸೈಟಿನವರು ತಪ್ಪು ಕಳಿಸುತ್ತಿದ್ದಾರಾ?

ಎರಡನೆಯದು. ಕೆಂಪು ಬಣ್ಣದವು ಎಲ್ಲವೂ ಬೆಳಿಗ್ಗೆ 5:30ಕ್ಕೆ ಶುರುವಾಗಿ 5:30ಕ್ಕೆ ಮುಗಿಯುತ್ತವೆ. ಬೆಳಗಿನ ಜಾವ ಯಾರು ಬರುತ್ತಾರೆ? ನಾವು ಹೇಳಿರುವುದು ಮಧ್ಯಾಹ್ನ 1 ಗಂಟೆಗೆ.

ಇನ್ನೊಂದು ಸಣ್ಣ ವಿಷಯ. ಬುಕಿಂಗಿನ ಮೇಲೆ ‘ನಾಲ್ಕು ಜನ ಸಸ್ಯಾಹಾರ’ ಅಂತ ಬರೆದಿಡಲು ನೋಡಿದೆ. ಬರೆಯಲು ಬಿಡುತ್ತಿಲ್ಲ.

ರಾತ್ರಿಪಾಳಿ
8 ಡಿಸೆಂಬರ್, ರಾತ್ರಿ 11:40

ಅಕ್ಕ, ಸೈಟಿನವರು ಸರಿಯಾಗೇ ಕಳಿಸುತ್ತಿದ್ದಾರೆ. ಇದು ನಾನು ಮೊದಲೇ ಹೇಳಬೇಕಿತ್ತು. ನಿಮಗೆ ಒಬ್ಬರಿಗೇ ಅಷ್ಟು ಕೆಲಸ ಬಿತ್ತಲ್ಲ, ಬೇಜಾರಾಯಿತು.

ಆ ಫೈಲ್ ತೆರೆದರೆ ಒಳಗೆ ಬರಿಯ ಅಕ್ಷರ ಇರುತ್ತದೆ. ಒಂದೊಂದು ಬುಕಿಂಗಿಗೆ ಒಂದೊಂದು ಕಂತೆ. 14ರ ಬುಕಿಂಗ್ ತೆಗೆದುಕೊಳ್ಳಿ. ‘ಡಿಟಿಸ್ಟಾರ್ಟ್’ ಅಂತ ಬರೆದು ಮುಂದೆ 20241214. ಕೆಳಗೆ ‘ಡಿಟಿಎಂಡ್’ ಅಂತ ಬರೆದು 20241216. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಗಂಟೆ ಇಲ್ಲದೆ ಬರೀ ತಾರೀಖು ಇದ್ದಾಗ ಕೊನೆಯ ತಾರೀಖನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಐಕ್ಯಾಲೆಂಡರಿನ ನಿಯಮ. 16ರವರೆಗೆ ಅಂದರೆ 16 ಶುರುವಾಗುವ ತನಕ. ಹಾಗಾಗಿ ಫೋನ್ 14, 15 ಮಾತ್ರ ಬಣ್ಣ ಹಾಕುತ್ತದೆ.

ಬುಕಿಂಗ್ ಸೈಟಿಗೆ ಇದು ಸರಿಯಾದ ಲೆಕ್ಕ. ಅವರು ಎಣಿಸುವುದು ರಾತ್ರಿಗಳನ್ನು. 14ರ ರಾತ್ರಿ, 15ರ ರಾತ್ರಿ. 16ರ ರಾತ್ರಿ ಬೇರೆಯವರಿಗೆ ಕೊಡಬಹುದು, ಅದಕ್ಕೇ ಆ ಚೌಕ ಖಾಲಿ ಇರಬೇಕು. ನೀವು ಎಣಿಸುವುದು ತಿಂಡಿಗಳನ್ನು. ಎರಡು ರಾತ್ರಿ ಇದ್ದವರಿಗೆ ಎರಡು ತಿಂಡಿ, ಎರಡನೆಯದು 16ರ ಬೆಳಿಗ್ಗೆ. ಬಣ್ಣ ಮುಗಿದ ಮಾರನೇ ಬೆಳಿಗ್ಗೆ ಯಾವಾಗಲೂ ಮನೆಯಲ್ಲಿ ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಸಹಾಯಕ್ಕೆ ಬರುವವರಿಗೂ ಇದನ್ನೇ ಹೇಳಿಕೊಡಿ.

5:30ರದ್ದು ಬೇರೆ ಕಥೆ. ಆ ಎರಡನೇ ಸೈಟು ಬರೀ ತಾರೀಖು ಕಳಿಸುವ ಬದಲು ಮಧ್ಯರಾತ್ರಿ 12 ಗಂಟೆ ಅಂತ ಹೊತ್ತನ್ನೂ ಸೇರಿಸಿ ಕಳಿಸುತ್ತಿದೆ. ಅದೂ ನಮ್ಮ ಹೊತ್ತಲ್ಲ, ಯುಟಿಸಿ ಹೊತ್ತು, ಅಂದರೆ ಪ್ರಪಂಚಕ್ಕೆಲ್ಲ ಒಂದೇ ಅಂತ ಇಟ್ಟುಕೊಂಡ ಹೊತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ 12 ಆದಾಗ ಇಲ್ಲಿ 5:30. ಭಾರತದಲ್ಲಿ ಕ್ಯಾಲೆಂಡರಿನ ಯಾವುದೇ ವಿಷಯ ಸರಿಯಾಗಿ ಐದೂವರೆ ಗಂಟೆ ಆಚೀಚೆ ಕಂಡರೆ ಕಾರಣ ಹೆಚ್ಚುಕಡಿಮೆ ಇದೇ ಇರುತ್ತದೆ. ನಿಮ್ಮ ಫೋನಿನಲ್ಲಿ ಸರಿಮಾಡುವಂಥದ್ದು ಏನೂ ಇಲ್ಲ. ಗಂಟೆ ಬಿಟ್ಟು ತಾರೀಖು ಮಾತ್ರ ನೋಡಿ, ತಾರೀಖು ಸರಿ ಇದೆ. ಒಂದು ಲಾಭವೂ ಇದೆ, ಕೆಂಪಿನಲ್ಲಿ ಹೊರಡುವ ದಿನವೂ 5:30ರವರೆಗೆ ಅಂತ ಕಾಣುತ್ತದೆ.

ಬರೆಯಲು ಬಿಡದಿರುವುದು ಸಹಜ. ಚಂದಾ ಕ್ಯಾಲೆಂಡರ್ ಓದಲು ಮಾತ್ರ. ಊಟದ ವಿವರಕ್ಕೆ ನಿಮ್ಮದೇ ಇನ್ನೊಂದು ಕ್ಯಾಲೆಂಡರ್ ಮಾಡಿಸಿಕೊಳ್ಳಿ, ‘ಅಡುಗೆ’ ಅಂತ ಹೆಸರಿಡಿ. ಮಗ ಅದನ್ನು ನಿಮ್ಮ ಯಜಮಾನರಿಗೂ ಹಂಚಿಕೊಡಲಿ. ಅದರಲ್ಲಿ ಎಷ್ಟು ಬೇಕಾದರೂ ಬರೆಯಿರಿ.

ಮತ್ತೆ ಒಂದು ಮಾತು. ಹೊಸ ಬುಕಿಂಗ್ ಬಂತು ಅಂತ ಈ ಕ್ಯಾಲೆಂಡರ್ ನಿಮ್ಮನ್ನು ಕೂಗಿ ಕರೆಯುವುದಿಲ್ಲ. ಸುಮ್ಮನೆ ಚೌಕದಲ್ಲಿ ಬಂದು ಕೂರುತ್ತದೆ. ಹೊಸದು ಬಂದ ಕೂಡಲೇ ಗೊತ್ತಾಗಬೇಕು ಅಂದರೆ ಸೈಟಿನ ಮೆಸೇಜ್ ನಿಮ್ಮ ನಂಬರಿಗೂ ಬರುವ ಹಾಗೆ ಮಾಡಿಸಿ.

ಸೊಪ್ಪಿನಬೆಟ್ಟ
9 ಡಿಸೆಂಬರ್, ಬೆಳಿಗ್ಗೆ 7:05

ತಿಂಡಿ ಲೆಕ್ಕ ಚೆನ್ನಾಗಿ ಹೇಳಿದ್ರಿ. ನಾವು ಇಷ್ಟು ವರ್ಷ ಬಣ್ಣದ ಮುಂದಿನ ಚೌಕಕ್ಕೆ ಬೆರಳಿಟ್ಟೇ ಓದುತ್ತೇವೆ. ಯಾಕೆ ಹಾಗೆ ಅಂತ ಇವತ್ತು ತಿಳಿಯಿತು.

ಕಣದಮನೆ
15 ಡಿಸೆಂಬರ್, ರಾತ್ರಿ 8:50

ಮತ್ತೆ ಬಂದೆ, ಏನಾಯಿತು ಅಂತ ಹೇಳಬೇಕಲ್ಲ.

ಮಂಗಳವಾರ ಬೆಳಿಗ್ಗೆ 11:20ಕ್ಕೆ ಒಂದು ಬುಕಿಂಗ್ ಬಂತು ಅಂತ ಸೈಟಿನ ಮೆಸೇಜ್ ನನ್ನ ಫೋನಿಗೇ ಬಂತು. ಆಗ ಕಣದಲ್ಲಿದ್ದೆ. ಕಾಫಿ ಕೈಯಾಡಿಸುವುದು ಮುಗಿಸಿ ಊಟಕ್ಕೆ ಮೊದಲು ಕ್ಯಾಲೆಂಡರ್ ತೆರೆದೆ. 12:30 ಇರಬಹುದು. 21ನೇ ತಾರೀಖಿನ ಚೌಕದಲ್ಲಿ ಹಸಿರು ಬಂದು ಕೂತಿತ್ತು. ಯಾರೂ ಮುಟ್ಟಿರಲಿಲ್ಲ, ಯಾರೂ ಹೇಳಿರಲಿಲ್ಲ. ಯಜಮಾನರನ್ನು ಕರೆದು ತೋರಿಸಿದೆ. ಅವರ ಫೋನಿಗೂ ಅವತ್ತೇ ಹಾಕಿದೆ.

ಗುರುವಾರ ಕೆಂಪಿನಲ್ಲಿ ಒಂದು ಬುಕಿಂಗ್ ಮಾಯ ಆಯಿತು. ಗಾಬರಿ ಆಗಿ ಮಗನಿಗೆ ಕೇಳಿದೆ. ಅವರು ಕ್ಯಾನ್ಸಲ್ ಮಾಡಿದ್ದರಂತೆ. ಮಗನಿಗಿಂತ ಮೊದಲು ನನಗೇ ಗೊತ್ತಾಗಿತ್ತು.

‘ಅಡುಗೆ’ ಕ್ಯಾಲೆಂಡರ್ ಮಾಡಿಸಿಕೊಂಡಿದ್ದೇನೆ, ಹಳದಿ ಬಣ್ಣ. ಅದರಲ್ಲಿ ಹೊರಡುವ ದಿನದ ತಿಂಡಿಯನ್ನೂ ನಾನೇ ಬರೆದಿಡುತ್ತೇನೆ. ಸಹಾಯಕ್ಕೆ ಬರುವಾಕೆಗೆ ಫೋನ್ ತೋರಿಸಿ, ಬಣ್ಣ ಮುಗಿದ ಮಾರನೇ ಬೆಳಿಗ್ಗೆ ರಜೆ ಇಲ್ಲ, ಅದರ ಮಾರನೇ ದಿನ ತಗೋ ಅಂತ ಹೇಳಿಕೊಟ್ಟೆ. ಅವಳು ಒಂದೇ ಸಲಕ್ಕೆ ಹಿಡಿದಳು.

ನವೆಂಬರ್ 30ಕ್ಕೆ ಬಂದಿದ್ದರಲ್ಲ, ಮಗುವಿನ ತಾಯಿ, ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮಾರ್ಚಿನಲ್ಲಿ ಕಾಫಿ ಹೂವು ಬಿಡುವಾಗ ಮತ್ತೆ ಬರುತ್ತೇವೆ ಅಂದರು.

14ಕ್ಕೆ ಬರಬೇಕಾದವರು ಬಂದಿದ್ದಾರೆ, ಆರು ಜನ. ಈಗ ಹೊರಗೆ ಬೆಂಕಿ ಕಾಯಿಸುತ್ತಾ ಕೂತಿದ್ದಾರೆ. ನಾಳೆ 16, ಹಸಿರಿನಲ್ಲಿ ಚೌಕ ಖಾಲಿ, ಹಳದಿಯಲ್ಲಿ ‘ಕಡುಬು, ಆರು ಜನ’ ಅಂತ ಇದೆ. ಅಕ್ಕಿ ತರಿ ಮಾಡಿ ಇಟ್ಟಾಯಿತು.